ಅಂಗಡಿ ಬೀಗ

ಫೆಲಿಸಾಳಿಗೆ ಕಳ್ಳರ ಭಯವಿರಲಿಲ್ಲ, ಬಿರುಗಾಳಿಯ ಭಯವಿರಲಿಲ್ಲ. ಅವಳಿಗಿದ್ದದ್ದು ಪೆನ್‌ಡ್ರೈವಿನ ಭಯ. ನಗಬೇಡಿ, ನೀವು ಅವಳ ಜಾಗದಲ್ಲಿದ್ದಿದ್ದರೆ ನಿಮಗೂ ಬರುತ್ತಿತ್ತು.

ಅವಳ ಗಂಡ ದೆನ್ಸಿಯೊ ಊರಿಗೆಲ್ಲ ಡಂಗುರ ಸಾರುವವನು. ಮೂರು ಗಾಲಿಯ ಬಂಡಿಯ ನೆತ್ತಿಗೆ ಎರಡು ಧ್ವನಿವರ್ಧಕ ಕಟ್ಟಿಕೊಂಡು, ಬಾರಂಗಾಯ್ ಎಂದು ಕರೆಯುವ ಮೂವತ್ತಮೂರು ಹಳ್ಳಿ‌ಗಳ ಕೇರಿ ಕೇರಿ ಸುತ್ತಿ, ಯಾರು ಸತ್ತರು, ಯಾರ ಮದುವೆ, ಕೋಳಿ ಅಂಕ ಯಾವತ್ತು, ಮಕ್ಕಳಿಗೆ ಲಸಿಕೆ ಎಲ್ಲಿ ಎಂದು ಹೇಳುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಮೊದಲೆಲ್ಲ ಮೈಕು ಹಿಡಿದು ಬಾಯಲ್ಲೇ ಕೂಗುತ್ತಿದ್ದ. ಆಮೇಲಾಮೇಲೆ ಮನೆಯ ಕಂಪ್ಯೂಟರಿನಲ್ಲಿ ಒಮ್ಮೆ ಚೆನ್ನಾಗಿ ರೆಕಾರ್ಡ್ ಮಾಡಿಕೊಂಡು, ಬಂಡಿಯಲ್ಲಿ ಅದನ್ನೇ ಹಾಕುತ್ತ ಹೋಗುವುದು ರೂಢಿಯಾಯಿತು. ಡಂಗುರ ಬೇಕಾದವರು ಹಿನ್ನೆಲೆಯ ಹಾಡು, ಹೆಸರಿನ ಪಟ್ಟಿ ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಶವಪೆಟ್ಟಿಗೆ ಅಂಗಡಿಯವನದೊಂದು, ಕೋಳಿ ಅಂಕದವನದೊಂದು, ಆರೋಗ್ಯ ಕೇಂದ್ರದವಳದೊಂದು. ಅವು ಯಾವ ಯಾವ ಮಿಷಿನ್ನು ಹೊಕ್ಕು ಏನೇನು ಅಂಟಿಸಿಕೊಂಡು ಬರುತ್ತಿದ್ದವೋ ದೇವರೇ ಬಲ್ಲ.

ಎರಡು ವರ್ಷದ ಹಿಂದೆ, ಸತ್ತವರ ಹಬ್ಬದ ಮುನ್ನಾದಿನ, ಹಾಗೆ ಬಂದ ಒಂದು ವೈರಸ್ಸು ದೆನ್ಸಿಯೊ ಹನ್ನೊಂದು ವರ್ಷ ಕೂಡಿಟ್ಟಿದ್ದ ಡಂಗುರಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಫೋಲ್ಡರುಗಳು ಇದ್ದಲ್ಲೇ ಇದ್ದವು, ಒತ್ತಿದರೆ ಒಳಗೇನೂ ಇಲ್ಲ. ಫೆಲಿಸಾ ತಲೆ ಮೇಲೆ ಕೈ ಹೊತ್ತು ಕೂತರೆ ದೆನ್ಸಿಯೊ ನಕ್ಕುಬಿಟ್ಟಿದ್ದ. "ಹೋದ್ರೆ ಹೋಗ್ಲಿ ಬಿಡೇ ಇಸಿಂಗ್. ದನಿ ಇರೋದು ಕಂಪ್ಯೂಟರಿನಲ್ಲಾ? ಇಲ್ಲಿ!" ಎಂದು ಗಂಟಲು ತಟ್ಟಿ ತೋರಿಸಿದ್ದ. ಅವಳನ್ನು ಇಸಿಂಗ್ ಎಂದು ಕರೆಯುವವನು ಪ್ರಪಂಚದಲ್ಲಿ ಅವನೊಬ್ಬನೇ.

ಈಗ ಆ ಗಂಟಲಿಗೇ ಬಂದಿತ್ತು. ಇಲೊಯ್ಲೊ ಪಟ್ಟಣದ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಗಡ್ಡೆ, ಕ್ಯಾನ್ಸರು, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಮೂರು ವಾರಕ್ಕೆ ಆಪರೇಷನ್. ಹೊರಗೆ ಬಂದಾಗ ನರ್ಸ್ ಹುಡುಗಿಯೊಬ್ಬಳು ಹತ್ತಿರ ಬಂದು, "ದನಿ ಇರೋವಾಗ್ಲೇ ಎಲ್ಲಾ ರೆಕಾರ್ಡ್ ಮಾಡಿಟ್ಕೊಳ್ಳಿ ಅಜ್ಜ. ಆಮೇಲೆ ಬೇಕಾದ ಮಾತು ಒತ್ತಿದ್ರೆ ನಿಮ್ಮ ದನೀಲೇ ಬರತ್ತೆ," ಎಂದು ಮೆತ್ತಗೆ ಹೇಳಿದಳು.

ಜೀಪ್ನಿ ಬಸ್ಸಿನಲ್ಲಿ ವಾಪಸು ಬರುವಾಗ ದೆನ್ಸಿಯೊ ಏನೇನು ಹೇಳಿಡಬೇಕೆಂದು ಬೆರಳು ಮಡಚಿ ಎಣಿಸುತ್ತಿದ್ದ. ಫೆಲಿಸಾ ಪಕ್ಕದಲ್ಲಿ ಕೂತು ಒಂದೇ ಯೋಚನೆಯಲ್ಲಿ ಬೆವರುತ್ತಿದ್ದಳು. ಈ ಸಲ ವೈರಸ್ ತಿಂದರೆ ತಟ್ಟಿ ತೋರಿಸಲು ಗಂಟಲಿರುವುದಿಲ್ಲ.

"ಮೊದ್ಲು ಕಾವಲು, ಆಮೇಲೆ ಮಾತು," ಎಂದು ಗಂಡನಿಗೆ ತಾಕೀತು ಮಾಡಿ ಮಾರನೆಯ ದಿನವೇ ಅವಳು ಸಂತೆಬೀದಿಯ ಮೊಬೈಲ್ ಅಂಗಡಿಯವನನ್ನು ಕರೆತಂದಳು. ಅವನು ಒಂದು ಉಚಿತ ಆಂಟಿವೈರಸ್ ಹಾಕಿ, ಫೈರ್‌ವಾಲ್ ಬಿಗಿ ಮಾಡಿ, ಕಾಫಿ ಕುಡಿದು ಹೋದ. ಆ ಕಂಪ್ಯೂಟರಿಗೆ ಆಗಲೇ ಹದಿಮೂರು ವರ್ಷ. ಆಂಟಿವೈರಸ್ ಒಳಗೆ ಕೂತದ್ದೇ ತಡ, ಫ್ಯಾನು ಒದರಲು ಶುರುವಾಯಿತು. ಒಂದು ಫೈಲು ತೆರೆಯಲು ಅನ್ನ ಬೇಯುವಷ್ಟು ಹೊತ್ತು. ದೆನ್ಸಿಯೊ ಪರೀಕ್ಷೆಗೆಂದು "ಸಾನ್ ರೋಕೆಯ ಮಹಾಜನರೇ" ಅಂದರೆ ಅದು "ಸಾ... ಕೆಯ... ಜನರೇ" ಎಂದು ಹಿಡಿದಿಟ್ಟಿತು. ಫೈರ್‌ವಾಲಂತೂ ಎರಡು ನಿಮಿಷಕ್ಕೊಮ್ಮೆ ಎದ್ದು ಬಂದು, ಇಂಥವರು ಬಾಗಿಲಲ್ಲಿದ್ದಾರೆ, ಬಿಡಲೇ ಬೇಡವೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಫೆಲಿಸಾ ಹೆದರಿಕೆಗೆ ಎಲ್ಲದಕ್ಕೂ ಬೇಡ ಬೇಡ ಎಂದೇ ಒತ್ತಿದಳು. ಸಂಜೆ ಹೊತ್ತಿಗೆ ಪ್ರಿಂಟರೂ ಮುಷ್ಕರ ಹೂಡಿತು.

ದುಡ್ಡು ಕೊಟ್ಟರೆ ಒಳ್ಳೆಯದು ಸಿಗಬಹುದೆಂದು ಪಟ್ಟಣದ ದೊಡ್ಡ ಅಂಗಡಿಗೂ ಹೋಗಿಬಂದಳು. ಅಲ್ಲಿಯ ಹುಡುಗ ಹೊಳೆಯುವ ಡಬ್ಬಿ ಕೈಗಿಟ್ಟು, "ನಿಮ್ಮದು ಯಾವ ವಿಂಡೋಸ್ ಅಮ್ಮಾ?" ಎಂದು ಕೇಳಿದ.

"ಹಳೇದಪ್ಪ."

"ಎಷ್ಟು ಹಳೇದು?"

ಅವಳು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದನ್ನು ತೋರಿಸಿದಳು. ಹುಡುಗ ಡಬ್ಬಿಯನ್ನು ಮೆಲ್ಲಗೆ ಅವಳ ಕೈಯಿಂದ ವಾಪಸು ತೆಗೆದುಕೊಂಡ. "ಇದಕ್ಕೆ ಯಾರೂ ಮದ್ದು ಮಾಡಲ್ಲ ಅಮ್ಮಾ. ಹೊಸದು ತಗೊಂಬಿಡಿ," ಅಂದ. ಹೊಸದು ತಗೊಳ್ಳುವ ಯೋಗ್ಯತೆ ಇದ್ದಿದ್ದರೆ ಅವಳು ಚೀಟಿ ಹಿಡಿದುಕೊಂಡು ಯಾಕೆ ಬರುತ್ತಿದ್ದಳು, ಹೇಳಿ.

ಹೀಗೆ ಆರು ದಿನ ಹಾಳಾಯಿತು. ದೆನ್ಸಿಯೊನ ದನಿ ದಿನದಿನಕ್ಕೆ ಗೊರಗೊರ ಆಗುತ್ತಿತ್ತು. ಕೊನೆಗೆ ಅವಳಿಗೆ ಹೊಳೆದದ್ದು ನುಲ್ಫೊ.

ನುಲ್ಫೊ ಶಾಲೆಯ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು. ಒಂದು ಪೆಸೊ ನಾಣ್ಯ ತೂತಿಗೆ ಹಾಕಿದರೆ ಐದು ನಿಮಿಷ ಆಟ. ಎಲ್ಲರ ಕೈಗೂ ಫೋನು ಬಂದಮೇಲೆ ಅಂಗಡಿ ಮುಚ್ಚಿ, ಮಿಷಿನ್ನುಗಳನ್ನು ಮಾರಿ, ಈಗ ಅದೇ ಜಾಗದಲ್ಲಿ ಬೇಕರಿ ನಡೆಸುತ್ತಿದ್ದ. ದೆನ್ಸಿಯೊನ ಕಂಪ್ಯೂಟರೂ ಅಲ್ಲಿಂದಲೇ ಬಂದದ್ದು. ಅವನು ಬಂದು, ಫ್ಯಾನಿನ ಒದರಾಟ ಕೇಳಿ, ಹಣೆ ಚಚ್ಚಿಕೊಂಡ.

"ಮಾನಾಂಗ್, ಈ ಮುದುಕನಿಗೆ ಕಾವಲುಗಾರನ್ನ ಇಟ್ರೆ, ಅವನಿಗೆ ಊಟ ಹಾಕೋದ್ರಲ್ಲೇ ಮುದುಕ ಸಾಯ್ತಾನೆ. ತೆಗೀರಿ ಅದನ್ನ. ಹನ್ನೊಂದು ವರ್ಷ, ಹನ್ನೆರಡು ಮಿಷಿನ್ನು, ಊರಿನ ಮಕ್ಕಳೆಲ್ಲಾ ಬಂದು ಹಾಳುಗೆಡವೋರು. ಒಂದಕ್ಕಾದ್ರೂ ಆಂಟಿವೈರಸ್ ಹಾಕಿದ್ನಾ ನಾನು? ಒಂದಿನ ಆದ್ರೂ ವೈರಸ್ ನಿಲ್ತಾ? ಯಾಕೆ ಹೇಳಿ? ಅಂಗಡಿ ಬೀಗ!"

"ಹಾಗಂದ್ರೆ ಏನು ತೊತೊ?" ಎಂದಳು ಫೆಲಿಸಾ. ತನಗಿಂತ ಚಿಕ್ಕ ಗಂಡಸರೆಲ್ಲ ಅವಳಿಗೆ ತೊತೊಗಳೇ. ಅವನಿಗೆ ಅವಳು ಮಾನಾಂಗ್, ಅಂದರೆ ಅಕ್ಕ, ದೆನ್ಸಿಯೊ ಮಾನೊಂಗ್, ಅಂದರೆ ಅಣ್ಣ.

"ಎಂಥಾ ಕಸ ಒಳಗೆ ಬರ್ಲಿ, ಒಂದ್ಸಲ ಆರಿಸಿ ಹೊತ್ತಿಸಿದ್ರೆ ಮುಗೀತು. ಕಸ ಎಲ್ಲಾ ಮಾಯ. ಸ್ನಾನ ಮಾಡ್ಕೊಂಡು ಎದ್ದಂಗೆ ಎದ್ದು ಕೂರತ್ತೆ."

"ಒಳಗೆ ನಮ್ಮದು ಇರತ್ತಲ್ಲ, ಅದು?"

"ಒಳಗಿರೋದು ಒಂದು ಕೂದಲೂ ಅಲುಗಲ್ಲ. ನನ್ನ ಮಾತು ನಂಬಿ."

ಸುಳ್ಳು ಹೇಳಲಿಲ್ಲ ಪುಣ್ಯಾತ್ಮ. ಅವತ್ತು ಒಳಗಿದ್ದದ್ದು ಒಂದು ಕೂದಲೂ ಅಲುಗುವಂತಿರಲಿಲ್ಲ. ಆದರೆ ಕಸ ಅಂದರೆ ಯಾವುದು ಎಂದು ಫೆಲಿಸಾ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಟದ ಅಂಗಡಿಗೆ ಬರುವ ಮಕ್ಕಳು ಏನನ್ನೂ ಉಳಿಸಿಕೊಳ್ಳಲು ಬರುವವರಲ್ಲ. ಬೀಗ ಹಾಕಿದ ಮೇಲೆ ಒಳಗೆ ಬಂದದ್ದೆಲ್ಲ ನುಲ್ಫೊನ ಲೆಕ್ಕದಲ್ಲಿ ಕಸವೇ. ಮಾನೊಂಗ್ ದೆನ್ಸಿಯೊನ ಮಾತೆಲ್ಲ ಆಗಲೇ ರೆಕಾರ್ಡಾಗಿ ಮುಗಿದಿದೆ, ಅದನ್ನು ಕಾಯಲೆಂದೇ ತನ್ನನ್ನು ಕರೆಸಿದ್ದಾರೆ ಎಂದು ಅವನು ತಿಳಿದಿದ್ದ.

"ಪೆನ್‌ಡ್ರೈವ್ ತೂತು?" ಎಂದು ಅವನು ಬೀಗ ಹಾಕಿ ಮುಗಿಸಿದ ಮೇಲೆ ಫೆಲಿಸಾ ಕೇಳಿದಳು.

"ಮುಚ್ಚಿದೀನಿ."

"ಇಂಟರ್ನೆಟ್ಟು?"

"ಅದೂ ಮುಚ್ಚಿದೀನಿ. ಸೊಳ್ಳೆ ಕೂಡ ನುಗ್ಗಲ್ಲ. ಮಾನೊಂಗ್ ಗುಣ ಆಗಿ ಬಂದ್ಮೇಲೆ ಹೇಳಿ, ತೆಗೆದುಕೊಡ್ತೀನಿ."

ಅವಳಿಗೆ ಜೀವ ಬಂದಂತಾಯಿತು. ಸಾಲದೆಂದು ಬಾಲಯೇಸುವಿನ ಪುಟ್ಟ ಮೂರ್ತಿಯನ್ನೂ ಕಂಪ್ಯೂಟರಿನ ನೆತ್ತಿಯ ಮೇಲಿಟ್ಟಳು. ಅವತ್ತು ಮಧ್ಯಾಹ್ನವೇ ದೆನ್ಸಿಯೊ ಮೈಕಿನ ಮುಂದೆ ಕೂತ.

ಹದಿಮೂರು ದಿನ ಕೂತ. ಮೂವತ್ತಮೂರು ಬಾರಂಗಾಯ್‌ಗಳ ಹೆಸರು ಒಂದೊಂದಾಗಿ, ವಾರಗಳು, ತಿಂಗಳುಗಳು, ಗಂಟೆಗಳು, "ತೀರಿಕೊಂಡಿದ್ದಾರೆ" ಎಂಬುದನ್ನು ತಗ್ಗಿನ ದನಿಯಲ್ಲಿ, "ಎಲ್ಲರೂ ಬನ್ನಿ" ಎಂಬುದನ್ನು ಎತ್ತರದಲ್ಲಿ. ಈ ತುಂಡುಗಳನ್ನು ಜೋಡಿಸಿಕೊಂಡರೆ ದನಿಯಿಲ್ಲದೆಯೂ ಡಂಗುರದ ಬಂಡಿ ಓಡಿಸಬಹುದೆಂದು ಅವನ ಹಂಚಿಕೆ. ಅದು 'ಕೆಲಸ' ಎಂಬ ಫೋಲ್ಡರು. ಊಟ, ನೀರು, ನೋವು, ಬೇಡ ಎಂಬಂಥವು 'ಮನೆ'. ಸಂಜೆ ಹೊತ್ತು ತನ್ನ ಅಪ್ಪನ ದೋಣಿಯ ಕತೆ, ಹಳೆಯ ಹಾಡು ಹೇಳಿಕೊಂಡದ್ದು ಮೂರನೆಯದು. ನಾಲ್ಕನೆಯದಕ್ಕೆ 'ಇಸಿಂಗ್' ಎಂದು ಹೆಸರಿಟ್ಟಿದ್ದ. ಅದನ್ನು ಅವಳನ್ನು ಮೀನು ತರಲು ಕಳಿಸಿ ರೆಕಾರ್ಡ್ ಮಾಡಿದ್ದ, ಇಪ್ಪತ್ತಾರು ತುಂಡು.

ಆ ಮಿಷಿನ್ನನ್ನು ಅವನು ಯಾವತ್ತೂ ಆರಿಸುತ್ತಿರಲಿಲ್ಲ. ಹಳೆಯ ಮಿಷಿನ್ನು ಒಮ್ಮೆ ಮಲಗಿದರೆ ಏಳುತ್ತದೆಂಬ ನಂಬಿಕೆ ಅವನಿಗಿರಲಿಲ್ಲ. ಧ್ವನಿವರ್ಧಕಕ್ಕೆಂದು ತಂದಿದ್ದ ಲಾರಿ ಬ್ಯಾಟರಿಗೂ ಇನ್‌ವರ್ಟರಿಗೂ ಅದನ್ನು ಕಟ್ಟಿಹಾಕಿದ್ದ. ಹಾಗಾಗಿ ಊರಿನಲ್ಲಿ ಆಗಾಗ ಅರ್ಧ ಗಂಟೆ ಕರೆಂಟು ಹೋದರೂ ಅದು ಕಣ್ಣು ಮುಚ್ಚುತ್ತಿರಲಿಲ್ಲ. ಆಸ್ಪತ್ರೆಗೆ ಹೊರಡುವಾಗಲೂ, "ಆರಿಸ್ಬೇಡ," ಅಂದದ್ದೇ ಮನೆಯಲ್ಲಿ ಅವನು ಆಡಿದ ಕೊನೆಯ ಮಾತು.

ಹದಿನೆಂಟು ದಿನಕ್ಕೆ ವಾಪಸು ಬಂದರು. ಕತ್ತಿನಲ್ಲಿ ತೂತು, ಅದರ ಮೇಲೆ ಬಿಳಿ ಬಟ್ಟೆ, ಕೈಯಲ್ಲಿ ಗೆರೆಪುಸ್ತಕ ಮತ್ತು ಪೆನ್ಸಿಲು. ದೆನ್ಸಿಯೊ ಕಂಪ್ಯೂಟರಿನ ಹತ್ತಿರವೇ ಸುಳಿಯಲಿಲ್ಲ. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತ ಬಂಡಿ ಹತ್ತಿ, ಸತ್ತ ಮೈಕನ್ನು ತೊಡೆಯ ಮೇಲಿಟ್ಟುಕೊಂಡು ಬೀದಿ ನೋಡುತ್ತ ಕೂರುವುದು. ಊಟ ಅರ್ಧ ತಟ್ಟೆಗೆ ಇಳಿಯಿತು. ಹಿಂಗೇ ಬಿಟ್ಟರೆ ಈ ಮನುಷ್ಯ ಬಂಡಿಯಲ್ಲೇ ಒಣಗಿಹೋಗುತ್ತಾನೆ ಎಂದು ಫೆಲಿಸಾ ಹೆದರಿದಳು. ಒಂದೇ ಧೈರ್ಯವೆಂದರೆ ಒಳಗೆ ದೀಪ ಹೊತ್ತಿಸಿಕೊಂಡು ಕೂತಿದ್ದ ಮಿಷಿನ್ನು. ಗಾಯ ಒಣಗಲಿ, ಅವನ ದನಿ ಅವನಿಗೆ ಕೊಟ್ಟು ಬಂಡಿ ಹೊರಡಿಸುತ್ತೇನೆ ಎಂದು ಅವಳು ದಿನ ಎಣಿಸುತ್ತಿದ್ದಳು.

ಐದನೆಯ ದಿನ ಬೆಳಿಗ್ಗೆ ಏಳಕ್ಕೆ ವಿದ್ಯುತ್ ಸಂಘದ ಜೀಪು ಬೀದಿಯಲ್ಲಿ ಬಂತು. ಬೇರೆ ಯಾರದೋ ದನಿ, ಮೂಗಿನಲ್ಲಿ ಮಾತಾಡುವಂಥದು. ತಂತಿ ಬದಲಾಯಿಸುವ ಕೆಲಸ, ಇವತ್ತು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕರೆಂಟು ಇಲ್ಲ. ಬಂಡಿಯಲ್ಲಿ ಕೂತಿದ್ದ ದೆನ್ಸಿಯೊ ಮುಖ ಆ ಕಡೆ ತಿರುಗಿಸಿಕೊಂಡ.

ಅದೇ ಹೊತ್ತಿಗೆ ನುಲ್ಫೊ ಬಿಸಿಬಿಸಿ ಪಾನ್ ದೆ ಸಾಲ್ ಬ್ರೆಡ್ಡಿನ ಪೊಟ್ಟಣ ಹಿಡಿದು ರೋಗಿಯನ್ನು ನೋಡಲು ಬಂದ.

"ತೊತೊ, ಒಂಬತ್ತು ಗಂಟೆ ಕರೆಂಟ್ ಇಲ್ವಂತೆ. ಅಷ್ಟು ಹೊತ್ತು ಬ್ಯಾಟರಿ ತಡೆಯಲ್ಲ. ಮಿಷಿನ್ ಏನು ಮಾಡ್ಲಿ?" ಎಂದು ಕೇಳಿದಳು ಫೆಲಿಸಾ.

"ಅದಕ್ಯಾಕೆ ಚಿಂತೆ? ಆರಿಸಿಬಿಡಿ. ಸಂಜೆ ಹೊತ್ತಿಸಿದ್ರೆ ನಾನು ಬೀಗ ಹಾಕಿದ ದಿನ ಹೆಂಗಿತ್ತೋ ಹಂಗೇ ಎದ್ದು ಬರತ್ತೆ."

"ಬೀಗ ಹಾಕಿದ ದಿನ ಹೆಂಗಿತ್ತೋ ಹಂಗಾ?"

"ಹೂಂ ಮತ್ತೆ. ಆಮೇಲೆ ಬಂದಿದ್ದೆಲ್ಲಾ ಸಾಫ್. ಅದೇ ಅಲ್ವಾ ಅದರ ಮಜಾ?"

ಫೆಲಿಸಾ ಮಿಷಿನ್ನಿನ ಕಡೆ ತಿರುಗಿದಳು. "ಅವರು ಮಾತಾಡಿದ್ದೆಲ್ಲಾ ನೀನು ಬೀಗ ಹಾಕಿದ ಮೇಲೆ," ಅಂದಳು.

ನುಲ್ಫೊ ನಗುತ್ತಿದ್ದವನು ಹಾಗೇ ನಿಂತ. ಪೊಟ್ಟಣ ಮೇಜಿನ ಮೇಲಿಟ್ಟ, ಮತ್ತೆ ಎತ್ತಿಕೊಂಡ, ಮತ್ತೆ ಇಟ್ಟ. "ಎಲ್ಲಾನೂ?"

"ಎಲ್ಲಾನೂ!"

"ಅಯ್ಯೋ ದೇವರೇ. ಮಾನಾಂಗ್, ಅದು... ಅದು ಡಿಸ್ಕಿನ ಮೇಲೆ ನಿಂತಿರಲ್ಲ. ಮಿಷಿನ್ ಎದ್ದಿರೋವರೆಗೆ ಅಷ್ಟೇ."

"ಬೀಗ ತೆಗಿ ಹಾಗಾದ್ರೆ! ಈಗ್ಲೇ ತೆಗಿ!"

"ಬೀಗ ತೆಗೀಬೇಕಾದ್ರೂ ಒಂದ್ಸಲ ಆರಿಸಿ ಹೊತ್ತಿಸ್ಬೇಕು. ಪೆನ್‌ಡ್ರೈವ್ ತೂತು ತೆಗೆಯೋಕೂ ಅಷ್ಟೇ, ಇಂಟರ್ನೆಟ್ಟಿಗೂ ಅಷ್ಟೇ. ಒಳಗೆ ಬರೋ ದಾರಿ ಮುಚ್ಚಿದೀನಲ್ಲ, ಹೊರಗೆ ಹೋಗೋ ದಾರೀನೂ ಅದೇ."

ಫೆಲಿಸಾಳಿಗೆ ಎಲ್ಲಿತ್ತೋ ಸಿಟ್ಟು. "ಹನ್ನೊಂದು ವರ್ಷ ಕಂಡೋರ ಮಕ್ಕಳ ಆಟ ಕಾದೆ. ಮನುಷ್ಯರು ಏನಾದ್ರೂ ಉಳಿಸಿಕೊಳ್ಳೋಕೂ ಕಂಪ್ಯೂಟರ್ ಇಟ್ಕೋತಾರೆ ಅಂತ ನಿನ್ನ ಮಂಡೆಗೆ ಹೊಳೀಲೇ ಇಲ್ವಾ? ಒಂದು ಮಾತು ಕೇಳ್ಬಾರ್ದಿತ್ತಾ?" ಎಂದು ಕೂಗಾಡಿದಳು. ನುಲ್ಫೊ ತಲೆ ತಗ್ಗಿಸಿ ನಿಂತು ಬೈಗುಳವನ್ನೆಲ್ಲ ತಿಂದ. ಕೂಗಾಟಕ್ಕೆ ದೆನ್ಸಿಯೊ ಬಂಡಿ ಇಳಿದು ಬಾಗಿಲಿಗೆ ಬಂದು ನಿಂತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ಅವನು ಬಟ್ಟೆ ಸುತ್ತಿದ ಕತ್ತಿನ ಮೇಲೆ ಕೈಯಿಟ್ಟುಕೊಂಡ.

ಗಡಿಯಾರ ಏಳೂಕಾಲು ತೋರಿಸುತ್ತಿತ್ತು. ನುಲ್ಫೊ ಫೋನು ಹಿಡಿದು ಸಿಕ್ಕಸಿಕ್ಕವರಿಗೆಲ್ಲ ಮಾಡಿದ. ವಿದ್ಯುತ್ ಸಂಘದಲ್ಲಿ ಯಾರೂ ಎತ್ತಲಿಲ್ಲ. ಶವಪೆಟ್ಟಿಗೆ ಅಂಗಡಿಯ ಜನರೇಟರು ಗುಡ್ಡದ ಮೇಲಿನ ಊರಿಗೆ ಸಾವಿನ ಮನೆಗೆ ಹೋಗಿತ್ತು. ಚರ್ಚಿನದು ರಿಪೇರಿಗೆ. ಮಂಜುಗಡ್ಡೆ ಕಾರ್ಖಾನೆಯವನು, ನನ್ನ ಮೀನು ಕೊಳೆತುಹೋಗಲಾ ಎಂದು ಬೈದು ಇಟ್ಟ. ಇನ್ನೊಂದು ಬ್ಯಾಟರಿ ಸೇರಿಸೋಣವೆಂದರೆ ತಂತಿ ಒಂದು ಕ್ಷಣ ಕಳಚಿದರೂ ಎಲ್ಲ ಹೋಯಿತು, ನುಲ್ಫೊ ಆ ಕೆಲಸಕ್ಕೆ ಕೈ ಹಾಕಲಿಲ್ಲ.

"ಬ್ಯಾಟರಿಗೆ ನೀರು ಹಾಕಿ ಎಷ್ಟು ದಿನ ಆಯ್ತು?" ಎಂದು ಅವನು ಕೇಳಿದ.

"ಆಸ್ಪತ್ರೆಗೆ ಹೋಗೋಕೂ ಮುಂಚೆ," ಅಂದಳು ಫೆಲಿಸಾ.

"ಚೆ. ಚೆನ್ನಾಗಿದ್ದಿದ್ರೆ ಮೂರು ಗಂಟೆ ಅಂತಿದ್ದೆ. ಈಗ ನಂಗೊತ್ತಿಲ್ಲ."

ದಾರಿ ತೋರಿಸಿದ್ದು ದೆನ್ಸಿಯೊ. ಅವನು ಬಂದು ನುಲ್ಫೊನ ಕೈಯಿಂದ ಫೋನು ಕಿತ್ತುಕೊಂಡು ಕಂಪ್ಯೂಟರಿನ ಸ್ಪೀಕರಿನ ಮುಂದೆ ಹಿಡಿದ. ಹೌದಲ್ಲ! ತೂತು ಮುಚ್ಚಬಹುದು, ತಂತಿ ಮುಚ್ಚಬಹುದು, ಗಾಳಿಗೆ ಬೀಗ ಹಾಕಿದವರುಂಟೇ? ಇದರಲ್ಲಿ ಹಾಕುವುದು, ಅದರಲ್ಲಿ ಹಿಡಿಯುವುದು. ಆದರೆ ಒಳಗಿದ್ದದ್ದು ಆರು ಗಂಟೆಗೂ ಮೀರಿದ ಮಾತು. ಎಲ್ಲ ಉಳಿಯುವ ಹಾಗಿರಲಿಲ್ಲ. ಯಾವುದು ಮೊದಲು?

ದೆನ್ಸಿಯೊ ತೆರೆಯ ಮೇಲೆ 'ಇಸಿಂಗ್' ಎಂಬ ಫೋಲ್ಡರಿನ ಮೇಲೆ ಬೆರಳಿಟ್ಟ.

"ಹುಚ್ಚಾ ನಿಂಗೆ?" ಎಂದಳು ಫೆಲಿಸಾ. "ಕೆಲಸದ್ದು ಮೊದ್ಲು. ಅದಿಲ್ಲದೆ ಬಂಡಿ ಹೊರಡತ್ತಾ?"

ಅವನು ಗೆರೆಪುಸ್ತಕದಲ್ಲಿ 'ಮೊದಲು ನಿನ್ನದು' ಎಂದು ಬರೆದು ಎರಡು ಗೆರೆ ಎಳೆದ.

"ನನ್ನದೇನು? ನನ್ನ ಹೆಸರು ನಂಗೊತ್ತಿದೆ, ನೀನು ಹೇಳಿಕೊಡ್ಬೇಕಾಗಿಲ್ಲ. ಸಾನ್ ರೋಕೆ ಅಂತ ಇನ್ನೊಂದ್ಸಲ ಹೇಳ್ತೀಯಾ ನೀನು? ಬಾಗುಂಬಾಯಾನ್ ಅಂತ ಹೇಳ್ತೀಯಾ? ಆ ಬಂಡೀಲಿ ಕೂತು ಕೂತು ಸಾಯ್ತೀಯಾ, ಅದನ್ನ ನಾನು ನೋಡ್ಬೇಕಾ?"

ಅವನು ಮತ್ತೆ ಬರೆಯಲು ಹೊರಟ. ಅವಳು ಪೆನ್ಸಿಲನ್ನು ಕಸಿದು ತನ್ನ ತುರುಬಿಗೆ ಸಿಕ್ಕಿಸಿಕೊಂಡು 'ಕೆಲಸ' ಒತ್ತಿದಳು.

ಏಳು ನಲವತ್ತಕ್ಕೆ ಶುರುವಾಯಿತು. ನುಲ್ಫೊ ಫೋನನ್ನು ಮಡಚಿದ ಟವಲಿನ ಮೇಲಿಟ್ಟು, ಕಿಟಕಿ ಮುಚ್ಚಿ, ಬಾಯಿಯ ಮೇಲೆ ಬೆರಳಿಟ್ಟ. "ಊರಿನ ಮಹಾಜನರೇ!" ಎಂದಿತು ಸ್ಪೀಕರು. ಮೂರು ವಾರದಿಂದ ಆ ಮನೆಯಲ್ಲಿ ಕೇಳಿಸದ ದನಿ. ಫೆಲಿಸಾ ಸೆರಗಿಲ್ಲದವಳು, ಅಂಗಿಯ ತೋಳನ್ನೇ ಬಾಯಿಗೆ ತುರುಕಿಕೊಂಡಳು. ಸಾನ್ ರೋಕೆ. ಬಾಗುಂಬಾಯಾನ್. ಕಾಬಾಸಿ. ಒಂದು ತುಂಡು, ಎರಡು ಕ್ಷಣ ಮೌನ, ಇನ್ನೊಂದು ತುಂಡು. ಮುನ್ನೂರಹನ್ನೆರಡು ತುಂಡು. ದೆನ್ಸಿಯೊ ಕುರ್ಚಿಯಲ್ಲಿ ಕೂತು ತನ್ನ ದನಿಯ ಜೊತೆಗೇ ತುಟಿ ಅಲ್ಲಾಡಿಸುತ್ತಿದ್ದ. ತುಟಿಯಿಂದ ಬರುವುದು ಬರೀ ಗಾಳಿ, ಅದೂ ಬಾಯಿಂದಲ್ಲ, ಕತ್ತಿನ ತೂತಿನಿಂದ.

ಎಂಟಕ್ಕೆ ಸರಿಯಾಗಿ ಮನೆಯ ದೀಪ ಆರಿತು. ಇನ್‌ವರ್ಟರು ಒಮ್ಮೆ ಗುರ್ ಎಂದಿತು, ತೆರೆ ಮಿಟುಕಿಸಿತು, ನಿಂತಿತು. ನಾಲುಂದಾನ್ ಎಂಬ ಹೆಸರಿನ ಮೇಲೆ ಪಕ್ಕದ ಮನೆಯ ಹುಂಜ ಕೂಗಿತು. ಇನ್ನೊಮ್ಮೆ ಹಾಕೋಣವೇ ಎಂದು ನುಲ್ಫೊ ಕಣ್ಣಲ್ಲೇ ಕೇಳಿದ. ಹೊತ್ತಿಲ್ಲವೆಂದು ಅವಳು ತಲೆಯಾಡಿಸಿದಳು. ಸೋಮವಾರ, ಮಂಗಳವಾರ. ತೀರಿಕೊಂಡಿದ್ದಾರೆ. ಮಿಷಿನ್ನಿನ ಶಾಖಕ್ಕೆ, ಮುಚ್ಚಿದ ಕಿಟಕಿಗೆ ಮೂವರೂ ಬೆವರಿ ತೊಯ್ದುಹೋಗಿದ್ದರು, ಬೀಸಣಿಗೆ ಬೀಸಿದರೆ ಅದರ ಸದ್ದೂ ಒಳಗೆ ಹೋಗುತ್ತದೆಂದು ಯಾರೂ ಕೈ ಅಲುಗಿಸಲಿಲ್ಲ. ಅವಳ ಕಣ್ಣು ಇನ್‌ವರ್ಟರಿನ ಪುಟ್ಟ ಹಸಿರು ದೀಪದ ಮೇಲೆ ನೆಟ್ಟಿತ್ತು. ಅದು ಹಳದಿಯಾದದ್ದನ್ನು ಮೊದಲು ನೋಡಿದವಳು ಅವಳೇ, ಯಾರಿಗೂ ಹೇಳಲಿಲ್ಲ.

ಒಂಬತ್ತೂ ಐದಕ್ಕೆ ಅದು ಕೆಂಪಾಗಿ, ಕುಂಯ್ ಕುಂಯ್ ಎನ್ನಲು ಶುರುಮಾಡಿತು. ಆಗ ಮುನ್ನೂರನೆಯ ತುಂಡು ನಡೆಯುತ್ತಿತ್ತು. ಇನ್ನು ಹನ್ನೆರಡು. ಡಿಸೆಂಬರ್ ಎಂಬುದೇ ಕೊನೆಯದು. ಅದು ಮುಗಿದ ಕೂಡಲೇ ದೆನ್ಸಿಯೊ ಅವಳನ್ನು ಒಂದೇ ಏಟಿಗೆ ಪಕ್ಕಕ್ಕೆ ತಳ್ಳಿ, ತಾನೇ ಮೌಸ್ ಹಿಡಿದು 'ಇಸಿಂಗ್' ಫೋಲ್ಡರು ತೆರೆದ. ಈ ಸಲ ಅವಳು ತಡೆಯಲಿಲ್ಲ. ಅವಳ ಕಣ್ಣು ಆ ಕೆಂಪು ದೀಪ ಬಿಟ್ಟು ಬರುತ್ತಿರಲಿಲ್ಲ. ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ತಡೆದುಕೋ ನಮ್ಮಪ್ಪಾ ಎಂದು ಬ್ಯಾಟರಿಗೇ ಕೈ ಮುಗಿಯುತ್ತಿದ್ದಳು.

"ಇಸಿಂಗ್! ಎಲ್ಲಿ ಹೋದ್ಯೇ?"

ಬೇಲಿಯ ಬಾಗಿಲಲ್ಲಿ ಬಂಡಿ ನಿಲ್ಲಿಸಿ, ಹಸಿದು ಬಂದವನು ಕರೆಯುವ ದನಿ ಅದು. ರೆಕಾರ್ಡಿನ ಹಾಗೆ ಇರಲೇ ಇಲ್ಲ. ಬೆನ್ನ ಹಿಂದೆ ಅವನೇ ನಿಂತು ಕರೆದ ಹಾಗಿತ್ತು. ಮೂವತ್ನಾಲ್ಕು ವರ್ಷ ಕೇಳಿದ ಕಿವಿ, ಯೋಚನೆ ಮಾಡಲು ಪುರುಸೊತ್ತೆಲ್ಲಿ? "ಬಂದೇ, ಬಂದೇ!" ಎಂದು ಅವಳು ಗಟ್ಟಿಯಾಗಿ ಓಗೊಟ್ಟಳು.

ಅಂದಮೇಲೆ ತಿಳಿಯಿತು. ಎರಡೂ ಕೈ ಬಾಯಿಗೆ ಹೋಯಿತು. ನುಲ್ಫೊ ಕಣ್ಣು ಮುಚ್ಚಿಕೊಂಡ. ದೆನ್ಸಿಯೊ ಅದನ್ನೇ ಮತ್ತೆ ಹಾಕಲು ಬೆರಳು ಒತ್ತಿದ. ಒತ್ತಿದ್ದಷ್ಟೇ. ಇನ್‌ವರ್ಟರು ಒಂದು ಉದ್ದನೆಯ ಕುಂಯ್ ಎಂದಿತು, ತೆರೆ ಕಪ್ಪಾಯಿತು, ಒದರಿ ಒದರಿ ಅಭ್ಯಾಸವಾಗಿದ್ದ ಫ್ಯಾನು ಮೆಲ್ಲಗೆ ಸುತ್ತಿ ನಿಂತಿತು. ದೆನ್ಸಿಯೊ ಆ ಮೌಸನ್ನು ಬಹಳ ಹೊತ್ತು ಬಿಡಲಿಲ್ಲ.

ಸಂಜೆ ಐದಕ್ಕೆ ಕರೆಂಟು ಬಂತು. ಏಳುವುದೇ ಇಲ್ಲವೆಂದು ಎಲ್ಲರೂ ಹೆದರಿದ್ದ ಮಿಷಿನ್ನು ಒಂದೇ ಸಲಕ್ಕೆ ಎದ್ದಿತು. ನುಲ್ಫೊ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಒಂದು ಚೂರು ಕಸವಿಲ್ಲ, ಒಂದು ವೈರಸ್ಸಿಲ್ಲ. ಆ ನಾಲ್ಕು ಫೋಲ್ಡರುಗಳು ಇದ್ದವೆಂಬುದಕ್ಕೆ ಗುರುತೇ ಇಲ್ಲ. ದೆನ್ಸಿಯೊನ ಅಪ್ಪನ ದೋಣಿ, ಹಾಡುಗಳು, ಊಟ, ನೀರು, ನೋವು, ಅವಳ ಇಪ್ಪತ್ತೈದು ತುಂಡುಗಳು, ಎಲ್ಲ ಹೋಗಿದ್ದವು. ಆ ಇಪ್ಪತ್ತೈದರಲ್ಲಿ ಏನಿತ್ತು ಎಂದು ಅವಳು ಕೇಳಿದಳು. ದೆನ್ಸಿಯೊ ಪೆನ್ಸಿಲು ಎತ್ತಿಕೊಂಡವನು ಬರೆಯದೆ ಕೆಳಗಿಟ್ಟ. ನುಲ್ಫೊ ಗೋಡೆಗೊರಗಿ ಮಕ್ಕಳ ಹಾಗೆ ಅಳುತ್ತಿದ್ದ. ದೆನ್ಸಿಯೊನೇ ಎದ್ದು ಹೋಗಿ ಅವನ ತಲೆ ಸವರಿ, ಕಾಫಿ ಲೋಟ ಕೈಗಿತ್ತ.

ಮುಂದಿನ ತಿಂಗಳು ಬಂಡಿ ಹೊರಟಿತು. ಆ ತುಂಡುಗಳನ್ನು ಮೂರು ಫೋನುಗಳಲ್ಲಿ, ಎರಡು ಮನೆಗಳಲ್ಲಿ ಇಟ್ಟಿದ್ದಾರೆ. ನಾಲುಂದಾನಿನವರ ಸಾವಿಗೂ ಮದುವೆಗೂ ಹುಂಜ ಕೂಗುತ್ತದೆಂದು ಊರೆಲ್ಲ ನಗುತ್ತದೆ, ಆದರೆ ದನಿ ದೆನ್ಸಿಯೊನದೇ. ಅವನ ಊಟ ಮತ್ತೆ ಪೂರ್ತಿ ತಟ್ಟೆಗೆ ಬಂತು. ಫೆಲಿಸಾಳಿಗೆ ಅಷ್ಟೇ ಬೇಕಾಗಿದ್ದದ್ದು, ಅದಕ್ಕೇ ಅವಳು 'ಕೆಲಸ'ವನ್ನು ಮೊದಲು ಆರಿಸಿಕೊಂಡದ್ದು.

ಉಳಿದ ಆ ಒಂದು ಕರೆಯನ್ನು ದೆನ್ಸಿಯೊ ತನ್ನ ಫೋನಿಗೆ ಹಾಕಿಸಿಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮೊದಲ ಸಲ ಅವನು ಅದನ್ನು ಒತ್ತಿದಾಗ ಅವಳು ಹಿತ್ತಲಲ್ಲಿ ಮೀನು ಹೆರೆಯುತ್ತಿದ್ದಳು. "ಇಸಿಂಗ್!" ಎಂದು ಕೇಳಿಸಿತು. ಅವಳು ಬಾಯಿ ತೆರೆಯುವ ಮೊದಲೇ, ಅವಳದೇ ದನಿ ಮನೆಯೊಳಗಿನಿಂದ "ಬಂದೇ, ಬಂದೇ!" ಎಂದು ಓಗೊಟ್ಟಿತು. ಕೈಯ ಕತ್ತಿ ಜಾರಿ ಬಿತ್ತು. ಗಂಡ ಹೆಂಡತಿ ಇಬ್ಬರೂ ಒಳಗಿದ್ದಾರೆ, ಹೊರಗೆ ನಿಂತ ತಾನು ಬೇರೆ ಯಾರೋ ಅನ್ನಿಸಿ ಭಯವಾಯಿತು. ಒಂದು ದಿನ ಅವನೂ ಇರುವುದಿಲ್ಲ, ತಾನೂ ಇರುವುದಿಲ್ಲ, ಯಾರೋ ಗೊತ್ತಿಲ್ಲದೆ ಆ ಫೋನು ಒತ್ತುತ್ತಾರೆ, ಖಾಲಿ ಮನೆಯಲ್ಲಿ ಅವನು ಕರೆಯುತ್ತಾನೆ, ಇವಳು ಬಂದೆ ಅನ್ನುತ್ತಾಳೆ.

ಆ ಭಯ ಇವತ್ತಿಗೂ ಹೋಗಿಲ್ಲ. ದಿನಕ್ಕೆ ಹತ್ತು ಸಲ ಅವನು ಕರೆಯುತ್ತಾನೆ, ಹತ್ತು ಸಲವೂ ಅವಳ ಎದೆ ಧಸಕ್ಕೆನ್ನುತ್ತದೆ. ಓಗೊಡುವುದನ್ನು ಫೋನೇ ಮಾಡಿ ಮುಗಿಸಿರುತ್ತದೆ, ಅವಳಿಗೆ ಉಳಿದಿರುವುದು ಹೋಗುವುದಷ್ಟೇ. ಕೈ ಒರೆಸಿಕೊಂಡು, ಏನು ಬೇಕಂತೆ ನೋಡೋಣ ಎಂದು ಅವಳು ಒಳಗೆ ಹೋಗುತ್ತಾಳೆ.